ಅಣ್ಣನ ಹೆಸರಿನ ಸಂಕ

“ಇವರು ಸಮಾಜಸೇವೆ ಮಾಡಿದ್ದಾರೆ ಅಂತ ಬರೆದಿದ್ದೀರಿ. ಅದಕ್ಕೆ ದಾಖಲೆ ಏನುಂಟು?”

2024ರ ಜುಲೈ. ಹೊರಗೆ ಬಿಡದೆ ಸುರಿಯುವ ಮಳೆ. ಕಚೇರಿಯ ಮೇಜಿನ ಆಚೆ ಕೂತವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕಡತಕ್ಕೆ ಏನಾದರೂ ಲಗತ್ತಿಸಬೇಕಲ್ವಾ, ಅದಕ್ಕೆ ಕೇಳಿದ್ದು. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಕೈಯಲ್ಲಿ ಇದ್ದದ್ದು ಊರಿನ ಹೊಸ ಸೇತುವೆಗೆ ಅಣ್ಣನ ಹೆಸರಿಡಿ ಎಂದು ಒಂದು ಪುಟದ ಮನವಿ, ಅದರ ಹಿಂದೆ 142 ಸಹಿ. ಅಣ್ಣನಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಪೇಪರಿನಲ್ಲಿ ಫೋಟೋ ಬಂದಿರಲಿಲ್ಲ. ಅವರು ಯಾವ ಸಂಘದ ಅಧ್ಯಕ್ಷರೂ ಅಲ್ಲ, ಕಾರ್ಯದರ್ಶಿಯೂ ಅಲ್ಲ. ನಲವತ್ತು ವರ್ಷ ಊರಿಗಾಗಿ ಕೈ ಕೆಸರು ಮಾಡಿಕೊಂಡ ಮನುಷ್ಯನ ಬಗ್ಗೆ ತೋರಿಸಲಿಕ್ಕೆ ಒಂದು ಕಾಗದವೂ ಇಲ್ಲ.

ಊರಿಗೆಲ್ಲ ಅವರು ಅಣ್ಣ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಬೇಡ ಅಂದಿದ್ದಾರೆ. “ಸಂಕದ ಮೇಲೆ ಉಂಟಲ್ಲ, ಅಷ್ಟು ಸಾಕು” ಅನ್ನುತ್ತಾರೆ. ಸಂಕ ಎಂದರೆ ನಮ್ಮ ಕಡೆ ಹಳ್ಳ ದಾಟುವ ಸಣ್ಣ ಸೇತುವೆ.

ನಮ್ಮೂರು ಉಡುಪಿ ಹತ್ತಿರದ ಹಿರಿಯಡ್ಕ ಪೇಟೆಯಿಂದ ಒಳಗೆ. ನಾನು ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ನಡುವೆ ಒಂದು ತೋಡು ಹರಿಯುತ್ತದೆ, ಮುಂದೆ ಹೋಗಿ ಸ್ವರ್ಣಾ ನದಿಗೆ ಸೇರುತ್ತದೆ. ಬೇಸಗೆಯಲ್ಲಿ ಅದರಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಜೂನ್ ಬಂತೆಂದರೆ ಕೆಂಪು ನೀರು ಎರಡೂ ದಡ ಕಚ್ಚಿಕೊಂಡು ಓಡುತ್ತದೆ. ನಮ್ಮ ಮನೆಗಳು ಈಚೆ ದಡದಲ್ಲಿ. ಶಾಲೆ, ರೇಷನ್ ಅಂಗಡಿ, ಬಸ್ಸು ನಿಲ್ಲುವ ಜಾಗ ಎಲ್ಲ ಆಚೆ. ನಡುವೆ ಇದ್ದದ್ದು ಅಡಿಕೆ ಮರದ ಸಂಕ.

ಅಡಿಕೆ ಮರ ಹತ್ತುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು ಅಣ್ಣನ ಕೆಲಸ. ಹಾಗಾಗಿ ಯಾರ ತೋಟದಲ್ಲಿ ಫಲ ಬಿಡದ ಹಳೇ ಮರ ಇದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಮೇ ತಿಂಗಳ ಕೊನೆಗೆ ಹೋಗಿ ಕೇಳಿ, ಕಡಿದು, ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಎರಡು ದಡದ ಕಲ್ಲಿನ ಮೇಲೆ ನಾಲ್ಕು ಮರ ಒತ್ತೊತ್ತಾಗಿ ಮಲಗಿಸಿ ಕತ್ತದ ಹಗ್ಗದಿಂದ ಬಿಗಿಯುವುದು. ಆಮೇಲೆ ಕತ್ತಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು, ಮರದ ಮೈ ಮೇಲೆ ಗೇಣಿಗೊಂದು ಕಚ್ಚು ಹಾಕುತ್ತಾ ಹಿಂದೆ ಹಿಂದೆ ಸರಿಯುವುದು. ಆ ಕಚ್ಚು ಕಾಲು ಜಾರದ ಹಾಗೆ ತಡೆಯುತ್ತದೆ. ಇಷ್ಟು ಹತ್ತಿರ ಹತ್ತಿರ ಯಾಕೆ ಎಂದು ಯಾರೋ ಕೇಳಿದ್ದರು. “ದೊಡ್ಡವರಿಗೆ ಹತ್ತಿರ ಆದ್ರೆ ತೊಂದರೆ ಇಲ್ಲ. ಮಕ್ಕಳಿಗೆ ದೂರ ಆದ್ರೆ ತೊಂದರೆ” ಅಂದಿದ್ದರು.

ಕೈ ಹಿಡಿಯಲು ಬಿದಿರು ಕಟ್ಟುತ್ತಿದ್ದರು. ಒಂದಲ್ಲ, ಎರಡು. ಒಂದು ದೊಡ್ಡವರ ಎತ್ತರಕ್ಕೆ. ಅದರ ಕೆಳಗೆ ಇನ್ನೊಂದು, ಮಕ್ಕಳಿಗೆ. ಅದನ್ನು ಕಟ್ಟುವ ದಿನ ಆ ವರ್ಷ ಒಂದನೇ ತರಗತಿಗೆ ಸೇರುವ ಒಂದು ಮಗುವನ್ನು ಕರೆದು ನಿಲ್ಲಿಸುತ್ತಿದ್ದರು. ಮಗು ಕೈ ಚಾಚಿದ ಕಡೆ ಬಿದಿರು. 1984ರಲ್ಲಿ ಹಾಗೆ ನಿಂತ ಮಗು ನಾನು.

ನೀರು ಜಾಸ್ತಿ ಇದ್ದ ದಿನ ಅಣ್ಣ ಬೆಳಿಗ್ಗೆಯೇ ಬಂದು ನಿಲ್ಲುತ್ತಿದ್ದರು. ನಮ್ಮ ಮುಂದೆ ಅವರು, ಹಿಂದೆ ನಾವು ಸಾಲಾಗಿ. “ಕೆಳಗೆ ನೋಡ್ಬೇಡ, ನನ್ನ ಮುಟ್ಟಾಳೆ ನೋಡು” ಅನ್ನುವುದು. ಈಗಲೂ ಕಣ್ಣು ಮುಚ್ಚಿದರೆ ಆ ಹಾಳೆಯ ಟೊಪ್ಪಿ, ಅದರ ಅಂಚಿನಿಂದ ಇಳಿಯುವ ನೀರು ಕಾಣುತ್ತದೆ. ತೋಡಿನ ನೀರು ಹೇಗಿತ್ತೆಂದು ಕೇಳಿದರೆ ಹೇಳಲು ಬರುವುದಿಲ್ಲ. ನಾನು ನೋಡಿಯೇ ಇಲ್ಲ.

1991ರಲ್ಲಿ ಸ್ವರ್ಣಾ ನದಿಯ ನಡುವಿನ ದ್ವೀಪ, ಕೆಮ್ಮಣ್ಣಿನ ತಿಮ್ಮಣ್ಣಕುದ್ರುವಿಗೆ ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು ತೂಗುಸೇತುವೆ ಕಟ್ಟಿದರು. ಅದನ್ನು ನೋಡಲೆಂದೇ ಅಣ್ಣ ಒಂದು ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಹೋದರು. ನಡೆದು, ಹೆಜ್ಜೆ ಎಣಿಸಿ, ಬಂದು ಎಲ್ಲರಿಗೂ ಹೇಳಿದರು. ಸ್ವರ್ಣೆಗೇ ಆಗುವುದಾದರೆ ಅದಕ್ಕೆ ಸೇರುವ ಈ ಸಣ್ಣ ತೋಡಿಗೆ ಯಾಕಾಗಬಾರದು ಎಂದು ಅವರ ವಾದ. ಅಲ್ಲಿಂದ ಶುರುವಾಯಿತು ಅರ್ಜಿ ಬರೆಸುವುದು. ಅವರಿಗೆ ಬರವಣಿಗೆ ಅಷ್ಟು ಬರುತ್ತಿರಲಿಲ್ಲ. ನಾನು ಪಿಯುಸಿಗೆ ಹೋಗುವಾಗ ನನ್ನ ಕೈಯಲ್ಲಿ ಎಷ್ಟು ಅರ್ಜಿ ಬರೆಸಿದ್ದಾರೋ ಲೆಕ್ಕ ಇಲ್ಲ.

2020ರ ಸೆಪ್ಟೆಂಬರ್ 20 ಉಡುಪಿಯವರಿಗೆ ಮರೆಯುವ ದಿನ ಅಲ್ಲ. ಶನಿವಾರ ರಾತ್ರಿ ಸುರಿದ ಮಳೆಗೆ ಭಾನುವಾರ ಬೆಳಗಾಗುವಾಗ ಸ್ವರ್ಣೆ ಉಕ್ಕಿತ್ತು. ಉಡುಪಿ ಪೇಟೆಯಲ್ಲಿ ಕಲ್ಸಂಕ, ಬಡಗುಪೇಟೆಯೇ ನೀರಲ್ಲಿ. ನಮ್ಮ ತೋಡಿನ ನೀರು ಹೋಗಲು ಜಾಗ ಇಲ್ಲದೆ ಹಿಂದಕ್ಕೆ ಒತ್ತಿ ಬಂತು. ತಗ್ಗಿನ ಐದು ಮನೆಗಳ ಅಂಗಳ ದಾಟಿ ನೀರು ಒಳಗೆ. ಅಣ್ಣನಿಗೆ ಆಗ 66. ಮದ್ದು ಬಿಡುವಾಗ ಮರಕ್ಕೆ ಕಟ್ಟುವ ಹಗ್ಗ, ಲಾರಿಯ ಟ್ಯೂಬು ಹಿಡಿದು, ನಾಲ್ಕು ಹುಡುಗರನ್ನು ಕರೆದುಕೊಂಡು ಇಳಿದರು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯನ್ನು ಬಾಗಿಲ ಹಲಗೆ ಮೇಲೆ ಮಲಗಿಸಿ ತಂದರು. ದನಗಳ ಹಗ್ಗ ಕೊಯ್ದು ಬಿಟ್ಟರು. ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಕೂತು ಕುಡಿದದ್ದು ಒಂದು ಲೋಟ ಕಪ್ಪು ಚಾ. ಕೈ ನಡುಗುತ್ತಿತ್ತು, ಲೋಟ ನಾನೇ ಹಿಡಿದಿದ್ದೆ.

ಸೇತುವೆ ಬಂದದ್ದು ಒಂದು ದುಃಖದಿಂದ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ತೀರಿಕೊಂಡಳು. ಆಮೇಲೆ ಎಲ್ಲ ಕಡೆ ಕಾಲುಸಂಕಗಳ ಪಟ್ಟಿ ಮಾಡಲಿಕ್ಕೆ ಹೊರಟರು. ನಮ್ಮದೂ ಪಟ್ಟಿಗೆ ಸೇರಿತು. ಅಣ್ಣನಿಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. “ಒಂದು ಮಗು ಹೋಗ್ಬೇಕಾಯ್ತಲ್ಲ” ಎಂದು ತುಂಬಾ ದಿನ ಹೇಳುತ್ತಿದ್ದರು.

ಎರಡು ದಡದಲ್ಲಿ ಕಾಂಕ್ರೀಟ್ ಎದ್ದದ್ದನ್ನು ಅವರು ನೋಡಿದರು. ಮೇಲಿನ ಸ್ಲ್ಯಾಬ್ ನೋಡಲಿಲ್ಲ. 2024ರ ಫೆಬ್ರವರಿಯಲ್ಲಿ, ತೋಟದಿಂದ ಬಂದು ಕೂತವರು ಹಾಗೇ ಹೋಗಿಬಿಟ್ಟರು. ಸೇತುವೆ ಮೇ ತಿಂಗಳಲ್ಲಿ ಮುಗಿಯಿತು. ಆಗ ಲೋಕಸಭಾ ಚುನಾವಣೆಯ ನೀತಿ ಸಂಹಿತೆ. ಉದ್ಘಾಟನೆ ಇಲ್ಲ, ಕಲ್ಲು ಇಲ್ಲ. ಜನ ಸುಮ್ನೆ ನಡೆಯಲು ಶುರು ಮಾಡಿದರು. ಹೆಸರಿಡುವ ಮಾತು ಎದ್ದದ್ದು ಅದಕ್ಕೂ ಮೊದಲು, ಅಣ್ಣನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ. ಯಾರು ಮೊದಲು ಹೇಳಿದರೋ ನೆನಪಿಲ್ಲ. ಎಲೆ ಎತ್ತುವಷ್ಟರಲ್ಲಿ ಅದು ಎಲ್ಲರ ಮಾತಾಗಿತ್ತು.

ಇನ್ನು ಆ ದಾಖಲೆಯ ವಿಷಯ.

ಕಚೇರಿಯಿಂದ ಬರುವಾಗ ನನಗೆ ಅಳು ಬಂದಿತ್ತು. ಮರುದಿನ ಅಂಗಡಿಗೆ ಯೂನಿಫಾರ್ಮ್ ಹೊಲಿಸಲು ಶಾಲೆಯ ಹೆಡ್ ಟೀಚರ್ ಬಂದರು. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಜರಿ ಪುಸ್ತಕ ನೋಡುವ ಮಾರಾಯ್ತಿ” ಅಂದರು.

ಶನಿವಾರ ಮಧ್ಯಾಹ್ನ ಶಾಲೆಯ ಕಪಾಟು ತೆಗೆದೆವು. ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಉಳಿದದ್ದು ಹನ್ನೊಂದು ವರ್ಷದ್ದು. ಜುಲೈ ಪುಟಗಳನ್ನೇ ತೆಗೆದು ನೋಡಿದೆವು. ತೋಡಿನ ಈಚೆಯ ಮಕ್ಕಳು ಯಾರು ಎಂದು ನನಗೆ ಗೊತ್ತಲ್ಲ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಹೇಳುತ್ತಾ ಹೋದೆ. ಜೋರು ಮಳೆಯ ದಿನ ಆಚೆ ದಡದ, ಶಾಲೆಯ ಹತ್ತಿರದ ಮಕ್ಕಳೇ ಬಂದಿರಲಿಲ್ಲ. ನಮ್ಮ ಮಕ್ಕಳು ಬಂದಿದ್ದರು. ಪುಟ ತಿರುಗಿಸಿದ ಹಾಗೆ ಅದೇ. ಎರಡು ಮೂರು ಕಡೆ ಗೈರು ಇತ್ತು, ಅದು ಜ್ವರಕ್ಕೋ ಮದುವೆಗೋ ಇರಬೇಕು. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಣ್ಣನ ದಾಖಲೆ ಅಲ್ಲಿತ್ತು, ಮಕ್ಕಳ ಹೆಸರಿನ ಮುಂದೆ, ಸಾಲು ಸಾಲು ಹಾಜರಿ ಗುರುತು.

ಟೀಚರ್ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಅದನ್ನೇ ಬರೆದು ಸೀಲ್ ಹಾಕಿ ಕೊಟ್ಟರು. ಅದಾದ ಮೇಲೆ ನಮಗೆ ದಾರಿ ಸಿಕ್ಕಿತು. ಮನೆ ಮನೆಗೆ ಹೋಗಿ ನೆನಪು ಬರೆದುಕೊಂಡೆವು. ಯಾವ ವರ್ಷ, ಯಾರು, ಏನಾಯಿತು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ಸಂಜೆ ಹೊತ್ತು ಟಾರ್ಚ್ ಹಿಡಿದು ಬರುತ್ತಿದ್ದರು. ನಮಗೇ ಗೊತ್ತಿಲ್ಲದ ಎಷ್ಟೋ ವಿಷಯ ಹೊರಬಂತು. ಗಂಡ ತೀರಿಕೊಂಡ ಮನೆಯ ಬಾವಿಯ ಕೆಸರನ್ನು ಅಣ್ಣ ವರ್ಷಾ ವರ್ಷಾ ತೆಗೆಯುತ್ತಿದ್ದರಂತೆ, ಕತ್ತಲಾದ ಮೇಲೆ, ಯಾರಿಗೂ ಹೇಳದೆ. ಆ ಮನೆಯ ಪಕ್ಕದಲ್ಲೇ ಇರುವ ನನಗೂ ಗೊತ್ತಿರಲಿಲ್ಲ. ಯಾರಿಗಾದರೂ ಹೀಗೆ ಹೆಸರಿಡುವ ಯೋಚನೆ ಇದ್ದರೆ, ಸಹಿ ಸಂಗ್ರಹಕ್ಕಿಂತ ಮೊದಲು ಈ ಕೆಲಸ ಮಾಡಿ. ನೂರು ಸಹಿಗಿಂತ ವರ್ಷ ಹಾಕಿ ಬರೆದ ಹತ್ತು ನೆನಪು ಕಚೇರಿಯಲ್ಲಿ ಜಾಸ್ತಿ ತೂಗುತ್ತದೆ.

ಆಗಸ್ಟ್ ಕೊನೆಗೆ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಇದ್ದರೆ ಕೋರಂ. ನಮ್ಮಲ್ಲಿ ಎಷ್ಟೋ ಸಲ ಅಷ್ಟು ಜನ ಸೇರಿಸುವುದೇ ಕಷ್ಟ. ಆ ದಿನ ಹಾಲಿನ ಹೊರಗೂ ಜನ ನಿಂತಿದ್ದರು.

ವಿರೋಧ ಇರಲಿಲ್ಲ ಎಂದಲ್ಲ. ಊರಿನ ದೈವದ ಹೆಸರಿಟ್ಟರೆ ಯಾರಿಗೂ ಬೇಜಾರಿಲ್ಲ ಎಂದರು ಒಬ್ಬರು. ಸೇತುವೆಗೆ ಈಚೆ ದಡದಲ್ಲಿ ಜಾಗ ಬಿಟ್ಟುಕೊಟ್ಟ ಮನೆಯವರ ಹೆಸರಿಡಬೇಕು, ಅದು ನ್ಯಾಯ ಎಂದರು ಇನ್ನೊಬ್ಬರು. ಅದೂ ಸುಳ್ಳಲ್ಲ. ಜಾಗ ಕೊಡದಿದ್ದರೆ ಸೇತುವೆ ಎಲ್ಲಿ ನಿಲ್ಲಬೇಕಿತ್ತು? ಮತ್ತೊಬ್ಬರು ಎದ್ದು, “ಸೇತುವೆಗೆಲ್ಲ ದೊಡ್ಡವರ ಹೆಸರು ಇಡುವುದು. ಅಡಿಕೆ ಮರ ಹತ್ತುವವರ ಹೆಸರು ಎಲ್ಲಿ ಉಂಟು?” ಅಂದರು.

ನನಗೆ ಮೈಕಿನ ಮುಂದೆ ಮಾತಾಡಿ ಅಭ್ಯಾಸ ಇಲ್ಲ. ಆದರೂ ಎದ್ದೆ. ಮಂಗಳೂರಿನ ಪುರಭವನಕ್ಕೆ ಯಾರ ಹೆಸರು ಉಂಟು ಎಂದು ಕೇಳಿದೆ. ಕುದ್ಮುಲ್ ರಂಗರಾಯರದ್ದು. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಅವರನ್ನು ಸ್ವಂತ ಜನವೇ ದೂರ ಇಟ್ಟಿತ್ತು. ಕಿತ್ತಳೆ ಮಾರಿ ಶಾಲೆ ಕಟ್ಟಿದ ಹರೇಕಳ ಹಾಜಬ್ಬರಿಗೆ 2020ರ ಪದ್ಮಶ್ರೀ ಬಂತು. ಅವರು ಬುಟ್ಟಿ ಹೊತ್ತವರು, ಅಣ್ಣ ಮರ ಹೊತ್ತವರು. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿ ಕೂತುಬಿಟ್ಟೆ.

ಆಗ ಜಾಗ ಕೊಟ್ಟ ಮನೆಯ ದೊಡ್ಡಮ್ಮ ಕೂತಲ್ಲಿಂದಲೇ ಮಾತಾಡಿದರು. ಅವರಿಗೆ ಎಂಬತ್ತು ದಾಟಿದೆ. “ನನ್ನ ಸೊಸೆಗೆ ಬೇನೆ ಬಂದದ್ದು ಆಟಿ ತಿಂಗಳ ಮಳೆಯ ರಾತ್ರಿ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಈ ಸಂಕ ದಾಟಿಸಿದ್ದು ಯಾರು? ಆ ಮಗುವಿಗೆ ಈಗ ಮದುವೆಯ ವಯಸ್ಸು. ಜಾಗ ನಾವು ಕೊಟ್ಟದ್ದು ಅದಕ್ಕೇ. ನಮ್ಮ ಹೆಸರು ಬೇಡ.” ಹಾಲಿನಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಬೇರೆ ಶಬ್ದ ಇಲ್ಲ. ನಡಾವಳಿ ಪುಸ್ತಕದಲ್ಲಿ ಸೂಚಕರು ಎಂದು ಬರೆಸಿದ್ದು ಆ ಮನೆಯ ಮಗನೇ. ದೈವದ ಹೆಸರು ಹೇಳಿದವರು ಅನುಮೋದಕರಾದರು. ದೈವಸ್ಥಾನಕ್ಕೆ ಹೋಗಿ ಒಂದು ಮಾತು ಅರಿಕೆ ಮಾಡಿಕೊಂಡು ಬರಬೇಕು ಎಂದು ಅವರು ಕೇಳಿಕೊಂಡರು. ಸಂಕ್ರಾಂತಿಯ ದಿನ ಎಲ್ಲರೂ ಹೋಗಿ ಹೂ, ಎಣ್ಣೆ ಕೊಟ್ಟು ಬಂದೆವು.

ಆಕ್ಷೇಪಣೆ ಇದ್ದರೆ 30 ದಿನದೊಳಗೆ ತಿಳಿಸಿ ಎಂದು ಪಂಚಾಯತ್ ಬೋರ್ಡಿಗೆ ನೋಟಿಸ್ ಹಚ್ಚಿದರು. ಯಾರೂ ಕೊಡಲಿಲ್ಲ. ಸೇತುವೆ ಕಟ್ಟಿದ್ದು ಬೇರೆ ಇಲಾಖೆ. ಹಾಗಾಗಿ ನಿರ್ಣಯದ ಪ್ರತಿ ಅಲ್ಲಿಗೂ ಹೋಗಿ ಒಪ್ಪಿಗೆ ಬರಬೇಕು ಎಂದರು. ಅಷ್ಟರಲ್ಲಿ ವಿಧಾನ ಪರಿಷತ್ತಿನ ಉಪಚುನಾವಣೆ ಬಂತು, 2024ರ ಅಕ್ಟೋಬರ್ 21ಕ್ಕೆ. ಅದರಲ್ಲಿ ಮತ ಹಾಕುವವರೇ ಪಂಚಾಯತ್‌ನಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು. ಮತ್ತೆ ನೀತಿ ಸಂಹಿತೆ, ಎಲ್ಲ ನಿಂತಿತು.

ನವೆಂಬರ್‌ನಲ್ಲಿ ಹೋಗಿ ಕೇಳಿದರೆ ಒಂದು ಕಚೇರಿಯಲ್ಲಿ ಕಡತವೇ ಇಲ್ಲ. ಇಲ್ಲಿಗೆ ಬಂದಿಲ್ಲ ಎಂದರು ಒಬ್ಬರು, ಮೇಲೆ ಹೋಗಿದೆ ಎಂದರು ಇನ್ನೊಬ್ಬರು. ನಾಲ್ಕು ಸಲ ಅಂಗಡಿ ಮುಚ್ಚಿ ಹೋದೆ. ಹೆಬ್ಬೆಟ್ಟು ಒತ್ತಿದವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಆ ಕಾಗದ ಕಳೆದುಹೋದರೆ ಅವರ ಮಾತು ಮತ್ತೆ ಸಿಗುವುದಿಲ್ಲ. ಆ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದ ಒಳಗೆ. ನಮ್ಮ ರಾಜ್ಯದ ನಿಯಮ ಹಾಗೆ. ನಾನು ಕೇಳಿದ್ದು ಇಷ್ಟೇ: ಈ ದಿನ ಸ್ವೀಕರಿಸಿದ ಈ ಪತ್ರ ಈಗ ಯಾರ ಮೇಜಿನಲ್ಲಿ ಉಂಟು? ಸ್ವೀಕೃತಿಯ ಸೀಲ್ ಇದ್ದ ನಕಲು ನನ್ನ ಹತ್ತಿರ ಇದ್ದದ್ದೇ ಬಲ. 30 ದಿನ ಆಗುವ ಮೊದಲೇ ಫೋನ್ ಬಂತು, ಕಡತ ಸಿಕ್ಕಿದೆ ಎಂದು. ಮನವಿ ಕೊಡುವಾಗ ನಕಲಿಗೆ ಸೀಲ್ ಹಾಕಿಸಿಕೊಳ್ಳದೆ ಯಾರೂ ಬರಬೇಡಿ.

ಕಡೆಯ ಚರ್ಚೆ ಫಲಕದ ಮೇಲೆ ಏನು ಬರೆಯುವುದು ಎಂದು. ಕರಡಿನಲ್ಲಿ ಇದ್ದದ್ದು “ದಿವಂಗತ ಸಮಾಜಸೇವಕ” ಎಂದು ಶುರುವಾಗಿ, ನಡುವೆ ಹೆಸರು, ಕೊನೆಗೆ “ಸ್ಮಾರಕ ಸೇತುವೆ”. ಅತ್ತಿಗೆಗೆ ಓದಿ ಹೇಳಿದೆ. ಅವರು ಅಡಿಕೆ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, “ಇದು ಯಾರು?” ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, “ಕರೆಯುವ ಹೆಸರು ಮಾತ್ರ ಇರ್ಲಿ. ಮತ್ತೆ ಸಂಕ ಅಂತ ಬರೀರಿ. ಅವ್ರು ಸೇತುವೆ ಅಂತ ಒಂದು ದಿನ ಹೇಳಿದವ್ರಲ್ಲ” ಅಂದರು.

ಇಂಜಿನಿಯರ್ ಬಯಲುಸೀಮೆಯ ಕಡೆಯವರು. “ಸಂಕ ಅಂದ್ರೇನ್ರೀ?” ಅಂದರು. ಉಡುಪಿಯ ಕಲ್ಸಂಕ ಸರ್ಕಲ್ ದಾಟಿಯೇ ಅವರು ದಿನಾ ಬರುವುದು. ಕಲ್ಲಿನ ಸಂಕ ಇದ್ದದ್ದಕ್ಕೆ ಕಲ್ಸಂಕ ಎಂದು ಹೇಳಿದೆ. ಈ ಸೇತುವೆ ಮಂಜೂರಾದ ನಿಮ್ಮದೇ ಪಟ್ಟಿಯಲ್ಲಿ ಕಾಲುಸಂಕ ಎಂದೇ ಬರೆದಿದೆಯಲ್ಲ ಎಂದೂ ಹೇಳಿದೆ. ಅವರು ಪಟ್ಟಿ ತೆಗೆದು ನೋಡಿ, ಪೆನ್ನು ತೆಗೆದುಕೊಂಡು “ಸ್ಮಾರಕ ಸೇತುವೆ”ಗೆ ಗೆರೆ ಎಳೆದು “ಸಂಕ” ಎಂದು ಬರೆದರು. ಒಳ್ಳೆಯ ಮನುಷ್ಯ. ತುಳು ಲಿಪಿಯಲ್ಲೂ ಇರಲಿ ಎಂದು ಹುಡುಗರು ಕೇಳಿಕೊಂಡರು, ಅದನ್ನೂ ಒಪ್ಪಿದರು.

2025ರ ಮೇ ತಿಂಗಳಲ್ಲಿ ಫಲಕ ನಿಲ್ಲಿಸಿದೆವು. ಕರಿಕಲ್ಲಿನಲ್ಲಿ ಕೆತ್ತಿದ ಅಕ್ಷರ. ಹೆಚ್ಚು ಭಾಷಣ ಇರಲಿಲ್ಲ. ಅವಲಕ್ಕಿ, ಬಾಳೆಹಣ್ಣು, ಚಾ. ಅತ್ತಿಗೆ ಬಂದರು, ಕಲ್ಲು ಮುಟ್ಟಿದರು. ಆಮೇಲೆ ಸಂಕದ ಮೇಲೆ ಆ ಕಡೆಗೆ ನಡೆದು, ವಾಪಸ್ ಬಂದು, ಕಬ್ಬಿಣದ ಪೈಪಿನ ಮೇಲೆ ಕೈ ಇಟ್ಟು ನಿಂತರು. “ಕೆಳಗೆ ಇನ್ನೊಂದು ಇಲ್ವಲ್ಲ” ಅಂದರು.

ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ವರ್ಷದಿಂದ ದಿನಾ ಅದರ ಮೇಲೇ ನಡೆಯುತ್ತಿದ್ದೆವು.

ಫಲಕಕ್ಕೆ ಒಟ್ಟು ಮಾಡಿದ ಹಣದಲ್ಲಿ ಸ್ವಲ್ಪ ಉಳಿದಿತ್ತು. ಇಂಜಿನಿಯರಿಗೆ ಫೋನ್ ಮಾಡಿ ಕೇಳಿದೆವು, ಮಾಡಿ ಎಂದರು. ಶಾಲೆ ಶುರುವಾಗುವ ಮೊದಲಿನ ಭಾನುವಾರ ವೆಲ್ಡಿಂಗ್ ಹುಡುಗ ಪೈಪು, ಮಿಷನ್ನು ಹಿಡಿದು ಬಂದ. ಎಷ್ಟು ಎತ್ತರಕ್ಕೆ ಎಂದು ಕೇಳಿದ. ಒಂದನೇ ತರಗತಿಗೆ ಸೇರುವ ಪಕ್ಕದ ಮನೆಯ ಹುಡುಗಿಯನ್ನು ಕರೆದು ನಿಲ್ಲಿಸಿದೆವು. ಅವಳು ಕೈ ಚಾಚಿದಳು. ಅವನು ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ, ಎರಡು ಅಡಿಗಿಂತ ಸ್ವಲ್ಪ ಮೇಲೆ.